ಸಹಿ ಆದ ಮೇಲೆ: ಮಧ್ಯಸ್ಥಗಾರ್ತಿಯೊಬ್ಬರ ಪಿಎಚ್.ಡಿ. ಪ್ರಕರಣ

ಇಲ್ಲಿ ಬರುವ ಸಂಶೋಧಕಿ ಈ ಬರಹವನ್ನು ಓದಿ ಒಪ್ಪಿದ್ದಾರೆ. ಗುರುತು ಹತ್ತಬಹುದಾದ ವಿವರಗಳನ್ನೆಲ್ಲ ಬದಲಿಸಿದ್ದೇನೆ. ನಾನು ಅವರ ಸಹ ಮಾರ್ಗದರ್ಶಕನಾಗಿದ್ದೆ. ನಡೆದುದರಲ್ಲಿ ನನ್ನ ತಪ್ಪೂ ಒಂದಿದೆ. ಅದನ್ನು ಅದರ ಜಾಗದಲ್ಲಿ ಹೇಳುತ್ತೇನೆ.

ಹಿನ್ನೆಲೆ

ಸಂಘರ್ಷ ಪರಿಹಾರದಲ್ಲಿ ಡಾಕ್ಟರೇಟ್ ಮಾಡಲು ಬರುವವರಲ್ಲಿ ಸ್ನಾತಕೋತ್ತರ ಪದವಿ ಮುಗಿಸಿ ನೇರವಾಗಿ ಬರುವವರು ಕೆಲವರು. ವಕೀಲಿಕೆ, ಸಮಾಜಕಾರ್ಯ, ಕಾರ್ಮಿಕ ಸಂಬಂಧ, ಮಧ್ಯಸ್ಥಿಕೆ ಮುಂತಾದ ಕೆಲಸಗಳಲ್ಲಿ ಹತ್ತಾರು ವರ್ಷ ದುಡಿದು, ಕೈಯಲ್ಲಿ ಅನುಭವದ ಗಂಟು ಹಿಡಿದುಕೊಂಡು ಬರುವವರು ಹಲವರು. ನಮ್ಮ ಸಂಶೋಧಕಿ ಎರಡನೆಯ ಗುಂಪಿನವರು. ಅರ್ಜಿ ಹಾಕಿದಾಗ ಅವರಿಗೆ ನಲವತ್ತಾರು ವರ್ಷ. ಹದಿನಾಲ್ಕು ವರ್ಷಗಳಿಂದ ಕುಟುಂಬದ ಆಸ್ತಿ ಮತ್ತು ವ್ಯಾಪಾರದ ಪಾಲುದಾರಿಕೆಯ ವ್ಯಾಜ್ಯಗಳಲ್ಲಿ ಮಧ್ಯಸ್ಥಿಕೆ ವಹಿಸುತ್ತಿದ್ದರು. ಎದುರುಬದುರು ಕೂರಲು ಒಪ್ಪದ ಅಣ್ಣತಮ್ಮಂದಿರನ್ನು ಒಂದೇ ಮೇಜಿಗೆ ತರುವುದರಲ್ಲಿ ಅವರ ಹೆಸರು ದೊಡ್ಡದು.

ಇಂಥವರಿಗೆ ಈ ಕ್ಷೇತ್ರದ ಬಾಗಿಲು ಮೊದಲಿನಿಂದಲೂ ತೆರೆದಿದೆ. ಕ್ಷೇತ್ರದ ವಯಸ್ಸೇ ಚಿಕ್ಕದು. ಸಂಘರ್ಷ ಪರಿಹಾರಕ್ಕೆಂದೇ ಮೀಸಲಾದ ಸಂಶೋಧನಾ ಪತ್ರಿಕೆ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಿಂದ ಹೊರಟದ್ದು 1957ರಲ್ಲಿ. ನಾರ್ವೆಯ ಸಮಾಜಶಾಸ್ತ್ರಜ್ಞ ಯೋಹಾನ್ ಗಾಲ್ಟುಂಗ್ ಓಸ್ಲೋದಲ್ಲಿ ಶಾಂತಿ ಸಂಶೋಧನಾ ಸಂಸ್ಥೆಯನ್ನು ಕಟ್ಟಿದ್ದು 1959ರಲ್ಲಿ. ಬ್ರಿಟನ್ನಿನ ಬ್ರಾಡ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಶಾಂತಿ ಅಧ್ಯಯನದ ಪೀಠ 1973ರಲ್ಲಿ ಆರಂಭವಾಯಿತು. ಅಲ್ಲಿನ ಮೊದಲ ಪ್ರಾಧ್ಯಾಪಕ ಆಡಂ ಕರ್ಲ್ ನೈಜೀರಿಯಾದ ಅಂತರ್ಯುದ್ಧದಲ್ಲಿ ಎರಡೂ ಬಣಗಳ ನಡುವೆ ಸಂಧಾನಕ್ಕೆ ಓಡಾಡಿದವರು. ಅಮೆರಿಕದ ಜಾರ್ಜ್ ಮೇಸನ್ ವಿಶ್ವವಿದ್ಯಾಲಯ ಈ ವಿಷಯದಲ್ಲಿ ಪಿಎಚ್.ಡಿ. ಆರಂಭಿಸಿದ್ದು 1988ರಲ್ಲಿ. ಈ ಕ್ಷೇತ್ರವನ್ನು ಕಟ್ಟಿದವರಲ್ಲಿ ಅರ್ಥಶಾಸ್ತ್ರಜ್ಞರಿದ್ದರು, ಗಣಿತ ಓದಿದವರಿದ್ದರು, ಸಮಾಜಶಾಸ್ತ್ರಜ್ಞರಿದ್ದರು. ಹಾಗಾಗಿ ಇದಕ್ಕೆ ತನ್ನದೇ ಎನ್ನಬಹುದಾದ ಒಂದು ವಿಧಾನವಿಲ್ಲ. ಪಿಎಚ್.ಡಿ.ಗೆ ಬಂದವರು ಅದನ್ನು ಯಾವುದಾದರೂ ಹಳೆಯ ಶಾಸ್ತ್ರದಿಂದ ಎರವಲು ತಂದು, ಕಲಿತು, ಸಮರ್ಥಿಸಿಕೊಳ್ಳಬೇಕು. ಕೆಲಸದಲ್ಲಿ ಪಳಗಿ ಬಂದವರಿಗೆ ಇದು ಅರ್ಥವಾಗಲು ಸಮಯ ಹಿಡಿಯುತ್ತದೆ. ತಮ್ಮ ಅನುಭವವೇ ವಿಧಾನ ಎಂಬ ನಂಬಿಕೆ ಅವರಲ್ಲಿ ಬೇರೂರಿರುತ್ತದೆ.

ಮೊದಲ ಯೋಜನೆ

ಅವರು ತಂದ ಸಂಶೋಧನಾ ಪ್ರಸ್ತಾವ ಚೊಕ್ಕಟವಾಗಿತ್ತು. ಮಧ್ಯಸ್ಥಿಕೆಯಲ್ಲಿ ಹಣ, ಜಮೀನುಗಳ ಲೆಕ್ಕ ಚುಕ್ತಾ ಮಾಡುವುದಕ್ಕಿಂತ ಮುರಿದ ಸಂಬಂಧವನ್ನು ದುರಸ್ತಿ ಮಾಡುವುದು ಮುಖ್ಯ, ಸಂಬಂಧ ಸರಿಹೋದರೆ ಒಪ್ಪಂದ ಉಳಿಯುತ್ತದೆ ಎಂಬುದು ಅವರ ವಾದ. ಆಧಾರವಾಗಿ ತಾವೇ ನಡೆಸಿದ್ದ ಅರವತ್ತು ಮಧ್ಯಸ್ಥಿಕೆಗಳ ಕಡತಗಳು. ಪ್ರತಿ ಬೈಠಕ್ಕಿನ ಟಿಪ್ಪಣಿಯನ್ನು ಅವರು ಕೈಬರಹದಲ್ಲಿ ಇಟ್ಟುಕೊಂಡಿದ್ದರು.

ನನ್ನ ತಪ್ಪು ಇಲ್ಲೇ ಆಯಿತು. ನಾನು ಆ ಕಡತಗಳಿಗೆ ಮರುಳಾದೆ. ಮಧ್ಯಸ್ಥಿಕೆಯ ಕೋಣೆಯೊಳಗೆ ಏನು ನಡೆಯುತ್ತದೆ ಎಂಬುದು ಹೊರಗಿನ ಸಂಶೋಧಕರಿಗೆ ಸುಲಭವಾಗಿ ಸಿಗುವಂಥದ್ದಲ್ಲ. ಇಲ್ಲಿ ಅರವತ್ತು ಪ್ರಕರಣಗಳು ತಾವಾಗಿಯೇ ನಡೆದುಬಂದಿವೆ ಎಂದು ಹಿಗ್ಗಿದೆ. ಅವು ಯಾರವು ಎಂದು ಕೇಳಿಕೊಳ್ಳಲಿಲ್ಲ. ಮುಖ್ಯ ಮಾರ್ಗದರ್ಶಕರು ಮಾತ್ರ ಪ್ರಸ್ತಾವದ ಅಂಚಿನಲ್ಲಿ ಪೆನ್ಸಿಲಿನಿಂದ ಒಂದು ಸಾಲು ಬರೆದರು: "ನಿಮ್ಮ ವಾದ ತಪ್ಪಾಗಿದ್ದರೆ, ಅದು ನಿಮಗೆ ಯಾವುದರಿಂದ ತಿಳಿಯುತ್ತದೆ?"

ಸಂಶೋಧಕಿ ಕೂಡಲೇ ಉತ್ತರಿಸಿದರು: "ತಪ್ಪಾಗಿರಲು ಸಾಧ್ಯವಿಲ್ಲ ಸರ್. ನಾನು ಕಣ್ಣಾರೆ ನೋಡಿದ್ದೇನೆ."

ಮುಖ್ಯ ಮಾರ್ಗದರ್ಶಕರು ಇನ್ನೇನೂ ಹೇಳಲಿಲ್ಲ. ಪ್ರಸ್ತಾವವನ್ನು ನೈತಿಕ ಸಮಿತಿಗೆ, ಅಂದರೆ ಸಂಶೋಧನೆಯಿಂದ ಯಾರಿಗೂ ಹಾನಿಯಾಗದಂತೆ ನೋಡಿಕೊಳ್ಳುವ ಸಮಿತಿಗೆ, ಕಳುಹಿಸಿದೆವು.

ಕಡತಗಳು ಮುಚ್ಚಿದ್ದು

ನೈತಿಕ ಸಮಿತಿಯ ಸಭೆ ಎರಡು ಗಂಟೆ ನಡೆಯಿತು. ಸಂಘರ್ಷವನ್ನು ಅಧ್ಯಯನ ಮಾಡುವ ಯಾರಿಗಾದರೂ ಅಲ್ಲಿನ ಚರ್ಚೆ ಉಪಯೋಗಕ್ಕೆ ಬರುತ್ತದೆ, ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಮಧ್ಯಸ್ಥಿಕೆ ಆರಂಭವಾಗುವ ಮೊದಲು ಎರಡೂ ಕಡೆಯವರು ಒಂದು ಕಾಗದಕ್ಕೆ ಸಹಿ ಹಾಕುತ್ತಾರೆ: ಇಲ್ಲಿ ಆಡಿದ ಮಾತು ಇಲ್ಲೇ ಇರಬೇಕು, ಬೇರೆ ಯಾವ ಉದ್ದೇಶಕ್ಕೂ ಬಳಕೆಯಾಗಬಾರದು. ಆ ಕಾಗದದ ಮೂರನೆಯ ಸಹಿ ಮಧ್ಯಸ್ಥಗಾರರದೇ. ಹೆಸರುಗಳನ್ನು ತೆಗೆದುಹಾಕುತ್ತೇನೆ ಎಂದರು ಸಂಶೋಧಕಿ. ಸಮಿತಿಯ ಸದಸ್ಯೆಯೊಬ್ಬರು ಕೇಳಿದರು: "ಹೆಸರು ತೆಗೆದರೆ ಓದುಗರಿಗೆ ಗೊತ್ತಾಗಲಿಕ್ಕಿಲ್ಲ. ಅಣ್ಣನಿಗೆ ಗೊತ್ತಾಗುವುದಿಲ್ಲವೇ? ಅವನಿಲ್ಲದಾಗ ತಂಗಿ ನಿಮ್ಮ ಹತ್ತಿರ ಏನು ಹೇಳಿದ್ದಳು ಎಂಬುದನ್ನು ಅವನು ನಿಮ್ಮ ಪ್ರಬಂಧದಲ್ಲಿ ಓದುವುದಿಲ್ಲವೇ?"

ಈ ಪ್ರಶ್ನೆಗೆ ನಮ್ಮಿಬ್ಬರ ಬಳಿಯೂ ಉತ್ತರವಿರಲಿಲ್ಲ. ಸಂಘರ್ಷದ ಅಧ್ಯಯನದಲ್ಲಿ ಗೋಪ್ಯತೆಗೆ ಎರಡು ಗೋಡೆ ಬೇಕು. ಹೊರಗಿನವರಿಂದ ಮರೆಮಾಡುವುದು ಸುಲಭ. ಒಳಗಿನವರಿಂದ, ಅಂದರೆ ಎದುರಾಳಿಯಿಂದಲೇ, ಮರೆಮಾಡುವುದು ಕಷ್ಟ, ಮತ್ತು ಹಾನಿ ಆಗುವುದು ಅಲ್ಲೇ.

ಹಾಗಾದರೆ ಅರವತ್ತು ಕುಟುಂಬಗಳಿಗೂ ಕರೆ ಮಾಡಿ ಹೊಸದಾಗಿ ಒಪ್ಪಿಗೆ ಕೇಳುತ್ತೇನೆ ಎಂದರು ಅವರು. ಸಮಿತಿ ಅದನ್ನೂ ಒಪ್ಪಲಿಲ್ಲ. ಮನೆಯ ಜಗಳ ಬಿಡಿಸಿಕೊಟ್ಟವರೇ ಬಂದು ಕೇಳಿದರೆ ಬೇಡ ಎನ್ನಲು ಎಷ್ಟು ಜನರಿಗೆ ಬಾಯಿ ಬರುತ್ತದೆ? ಋಣದ ಭಾರ ಹೊತ್ತವರ ಒಪ್ಪಿಗೆಯನ್ನು ಸ್ವತಂತ್ರ ಒಪ್ಪಿಗೆ ಎನ್ನಲಾಗದು. ಒಬ್ಬರು ಹೂಂ ಎಂದು ಇನ್ನೊಬ್ಬರು ಊಹೂಂ ಎಂದರೆ ಆ ಪ್ರಕರಣವನ್ನು ಏನು ಮಾಡುವುದು? ಜಗಳದ ಕಥೆ ಇಬ್ಬರದ್ದು. ಒಬ್ಬರ ಅನುಮತಿಯಿಂದ ಅದನ್ನು ಹೇಳಲು ಬರುವುದಿಲ್ಲ. ಇದೆಲ್ಲಕ್ಕಿಂತ ಮುಖ್ಯವಾಗಿ, ಆರಿದ ಕೆಂಡವನ್ನು ಒಂದು ಫೋನ್ ಕರೆ ಮತ್ತೆ ಕೆದಕಬಹುದು.

ಹಿರಿಯ ಸದಸ್ಯರೊಬ್ಬರು ಅಮೆರಿಕದ ಬಾಸ್ಟನ್ ಕಾಲೇಜಿನ ಉದಾಹರಣೆ ಕೊಟ್ಟರು. ಉತ್ತರ ಐರ್ಲೆಂಡಿನ ಸಶಸ್ತ್ರ ಗುಂಪುಗಳಲ್ಲಿದ್ದವರ ನೆನಪುಗಳನ್ನು ಆ ಕಾಲೇಜಿನ ಮೌಖಿಕ ಇತಿಹಾಸ ಯೋಜನೆ 2001ರಿಂದ 2006ರವರೆಗೆ ಧ್ವನಿಮುದ್ರಿಸಿಕೊಂಡಿತ್ತು. ತಾವು ಬದುಕಿರುವವರೆಗೆ ಇದು ಹೊರಬರುವುದಿಲ್ಲ ಎಂಬ ನಂಬಿಕೆಯ ಮೇಲೆ ಅವರು ಮಾತಾಡಿದ್ದರು. 2011ರಲ್ಲಿ ಆ ಧ್ವನಿಮುದ್ರಿಕೆಗಳನ್ನು ಒಪ್ಪಿಸುವಂತೆ ಕಾಲೇಜಿಗೆ ಸಮನ್ಸ್ ಬಂತು. ನ್ಯಾಯಾಲಯಗಳಲ್ಲಿ ಹೋರಾಟ ನಡೆದರೂ 2013ರಲ್ಲಿ ಕೆಲವು ಧ್ವನಿಮುದ್ರಿಕೆಗಳು ಪೊಲೀಸರ ಕೈ ಸೇರಿದವು. ಸಂಶೋಧಕರು ಕೊಟ್ಟ ಮಾತಿಗೆ ಕಾನೂನು ಎಷ್ಟರ ಮಟ್ಟಿಗೆ ಬೆಲೆ ಕೊಡುತ್ತದೆ ಎಂಬುದನ್ನು ಮೊದಲೇ ತಿಳಿದುಕೊಳ್ಳದೆ ಮಾತು ಕೊಡಬಾರದು ಎಂದು ಅವರು ಹೇಳಿದರು. ಆ ಮಾತು ಸಂಶೋಧಕಿಗೆ ಎಷ್ಟು ನಾಟಿತೆಂದರೆ, ಸಭೆಯಿಂದ ಹೊರಬಂದವರೇ "ಕಡತಗಳನ್ನು ಕೈಬಿಡುತ್ತೇನೆ" ಎಂದರು. ಸಮಿತಿ ಇನ್ನೂ ಲಿಖಿತ ತೀರ್ಮಾನ ಕೊಟ್ಟಿರಲಿಲ್ಲ. ಮೇಲ್ಮನವಿಗೂ ದಾರಿಯಿತ್ತು. ಅವರು ಬೇಡವೆಂದರು.

ಇದು ಈ ಪ್ರಕರಣದ ಮೊದಲ ದೊಡ್ಡ ತೀರ್ಮಾನ. ಅದರ ಬೆಲೆಯೂ ದೊಡ್ಡದಾಗಿತ್ತು. ಮುಂದಿನ ನಾಲ್ಕು ತಿಂಗಳು ಅವರು ಒಂದು ಪುಟವನ್ನೂ ಬರೆಯಲಿಲ್ಲ. ಆ ಕಡತಗಳಿಲ್ಲದಿದ್ದರೆ ತಾನು ಇಲ್ಲಿಗೆ ಬಂದದ್ದಾದರೂ ಏಕೆ ಎಂದು ಒಮ್ಮೆ ನನ್ನನ್ನೇ ಕೇಳಿದರು. ನನಗೆ ಉತ್ತರ ಹೊಳೆಯಲಿಲ್ಲ.

ಪ್ರಶ್ನೆ ಬದಲಾದ ಬಗೆ

ಮುಖ್ಯ ಮಾರ್ಗದರ್ಶಕರು ಅವರಿಗೆ ಯುದ್ಧಗಳ ಬಗ್ಗೆ ಓದಲು ಹೇಳಿದರು. "ನನ್ನದು ಅಣ್ಣತಮ್ಮಂದಿರ ಜಗಳ, ಸರ್. ಯುದ್ಧದ ಓದು ನನಗೇಕೆ?" ಎಂದು ಅವರು ಬೇಸರಪಟ್ಟುಕೊಂಡರು. ಆದರೂ ಓದಿದರು.

ಅಮೆರಿಕದ ರಾಜ್ಯಶಾಸ್ತ್ರಜ್ಞ ಜೇಮ್ಸ್ ಫಿಯರಾನ್ 1995ರಲ್ಲಿ ಬರೆದ ಲೇಖನವೊಂದರಲ್ಲಿ, ಯುದ್ಧದಿಂದ ಎರಡೂ ಕಡೆಗೆ ನಷ್ಟವೇ ಎಂದು ಗೊತ್ತಿದ್ದರೂ ರಾಜಿ ಏಕೆ ಆಗುವುದಿಲ್ಲ ಎಂಬ ಪ್ರಶ್ನೆ ಇದೆ. ಅವರು ಕೊಡುವ ಕಾರಣಗಳಲ್ಲಿ ಒಂದು ಇದು: ಇವತ್ತು ಮಾಡಿದ ಒಪ್ಪಂದವನ್ನು ನಾಳೆ ಎದುರಾಳಿ ಪಾಲಿಸುತ್ತಾನೆಂಬ ಭರವಸೆ ಇರುವುದಿಲ್ಲ. ಬಾರ್ಬರಾ ವಾಲ್ಟರ್ 1997ರಲ್ಲಿ ಇದನ್ನು ಅಂತರ್ಯುದ್ಧಗಳಿಗೆ ಅನ್ವಯಿಸಿದರು. ಅಂತರ್ಯುದ್ಧದಲ್ಲಿ ರಾಜಿಗೆ ಬಂದ ಬಣಗಳು ಶಸ್ತ್ರ ಕೆಳಗಿಡಬೇಕು. ಮೊದಲು ಇಟ್ಟವರು ನಿರಾಯುಧರಾಗಿ ಎದುರಾಳಿಯ ದಯೆಯ ಮೇಲೆ ನಿಲ್ಲುತ್ತಾರೆ. ಆ ಭಯಕ್ಕೆ ಹೊರಗಿನ ಮೂರನೆಯವರು ಖಾತರಿ ಕೊಡದಿದ್ದರೆ ಒಪ್ಪಂದ ಉಳಿಯುವುದು ಕಷ್ಟ. ಅದೇ ವರ್ಷ ಸ್ಟೀಫನ್ ಸ್ಟೆಡ್‌ಮನ್ ಶಾಂತಿ ಪ್ರಕ್ರಿಯೆಯನ್ನು ಕೆಡಿಸುವವರ ಬಗ್ಗೆ ಬರೆದರು: ಮಾತುಕತೆಯ ಒಳಗೇ ಇದ್ದು ಕೆಡಿಸುವವರು, ಹೊರಗಿದ್ದು ಕೆಡಿಸುವವರು.

ಒಂದು ಮಧ್ಯಾಹ್ನ ಸಂಶೋಧಕಿ ನನ್ನ ಕೋಣೆಗೆ ಬಂದು ಕುಳಿತು, ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಹಳೆಯ ಒಂದು ಪ್ರಕರಣವನ್ನು ನೆನಪಿಸಿಕೊಂಡರು. ಮೂವರು ಪಾಲುದಾರರು. ಸಹಿ ಆದ ದಿನ ಒಬ್ಬರನ್ನೊಬ್ಬರು ತಬ್ಬಿಕೊಂಡು ಅತ್ತಿದ್ದರು. ಎಂಟು ತಿಂಗಳ ನಂತರ ಒಬ್ಬರು ಫೋನ್ ಮಾಡಿ, ಎಲ್ಲವೂ ಮುರಿದುಬಿದ್ದು ನ್ಯಾಯಾಲಯಕ್ಕೆ ಹೋಗಿದ್ದೇವೆ ಎಂದಿದ್ದರು. "ಆ ಕರೆಯ ವಿಷಯ ನಾನು ಎಲ್ಲೂ ಬರೆದಿಟ್ಟಿಲ್ಲ. ಸಹಿ ಆದ ದಿನವೇ ಕಡತ ಮುಚ್ಚುತ್ತಿದ್ದೆ. ಅರವತ್ತರಲ್ಲಿ ಇನ್ನೂ ಎಷ್ಟು ಉಳಿದಿವೆಯೋ ನನಗೆ ಗೊತ್ತೇ ಇಲ್ಲ" ಎಂದರು.

ಹದಿನಾಲ್ಕು ವರ್ಷದ ಅನುಭವಿಯ ಬಾಯಿಂದ ಬಂದ ಆ ಮಾತಿನ ಮುಂದೆ ನನಗೆ ಗೌರವ ಉಕ್ಕಿ ಬಂತು. ಅಂಚಿನ ಪೆನ್ಸಿಲ್ ಸಾಲಿಗೆ ಉತ್ತರ ಸಿಕ್ಕಿದ್ದು ಅವತ್ತು. ಹೊಸ ಪ್ರಶ್ನೆ ಒಂದೇ ಸಾಲಿನದು: ಮಧ್ಯಸ್ಥಿಕೆಯಲ್ಲಿ ಆದ ಒಪ್ಪಂದಗಳು ಸಹಿ ಆದ ಮೇಲೆ ಹೇಗೆ ಉಳಿಯುತ್ತವೆ, ಹೇಗೆ ಮುರಿಯುತ್ತವೆ?

ಹೊಸ ವಿನ್ಯಾಸ

ತಾವು ಎಂದೂ ಕೆಲಸ ಮಾಡದ ಮಧ್ಯಸ್ಥಿಕೆ ಕೇಂದ್ರವೊಂದನ್ನು ಅವರು ಆರಿಸಿಕೊಂಡರು. ಒಪ್ಪಂದವಾಗಿ ಒಂದು ವರ್ಷ ಕಳೆದ ಕಕ್ಷಿದಾರರಿಗೆ ಕೇಂದ್ರವೇ ಪತ್ರ ಬರೆಯುವುದು, ಮನಸ್ಸಿದ್ದವರು ತಾವಾಗಿ ಸಂಶೋಧಕಿಯನ್ನು ಸಂಪರ್ಕಿಸುವುದು, ಎರಡೂ ಕಡೆಯವರು ಒಪ್ಪಿದರೆ ಮಾತ್ರ ಪ್ರಕರಣ ಅಧ್ಯಯನಕ್ಕೆ ಸೇರುವುದು, ಒಬ್ಬರ ಮಾತನ್ನು ಇನ್ನೊಬ್ಬರಿಗೆ ದಾಟಿಸದಿರುವುದು. ಸಮ್ಮತಿ ಪತ್ರದಲ್ಲಿ "ಸಂಪೂರ್ಣ ಗೋಪ್ಯ" ಎಂಬ ಮಾತಿರಲಿಲ್ಲ. ನ್ಯಾಯಾಲಯ ಆದೇಶಿಸಿದರೆ ದಾಖಲೆ ಕೊಡಬೇಕಾಗಬಹುದು ಎಂದೇ ಬರೆದಿತ್ತು. ಅದನ್ನು ಓದಿ ಕೆಲವರು ಹಿಂದೆ ಸರಿದರು. ಉಳಿದವರು ಕಡಿಮೆ. ಈ ಬಾರಿ ಸಮಿತಿ ಒಂದೇ ಸಭೆಯಲ್ಲಿ ಅನುಮತಿ ಕೊಟ್ಟಿತು.

ಸಂದರ್ಶನದ ಒಂದು ಪುಟ

ಮೊದಲ ಒಂಬತ್ತು ಸಂದರ್ಶನಗಳ ಲಿಖಿತ ಪ್ರತಿ ನಮ್ಮ ಕೈಗೆ ಬಂತು. ಓದಲು ಬಲು ಚೆನ್ನಾಗಿದ್ದವು, ಮನಸ್ಸು ಬಿಚ್ಚಿ ಮಾತಾಡಿದ್ದರು. ಮುಖ್ಯ ಮಾರ್ಗದರ್ಶಕರು ಎರಡು ಬಣ್ಣದ ಪೆನ್ಸಿಲ್ ತೆಗೆದುಕೊಂಡು ಒಂದು ಪುಟದ ಮೇಲೆ ಗೆರೆ ಎಳೆಯುತ್ತ ಹೋದರು. ಸಂಶೋಧಕಿಯ ಮಾತಿಗೆ ಕೆಂಪು. ಅವರ ಪದಗಳನ್ನೇ ಮುಂದೆ ಉತ್ತರಿಸುವವರು ಬಳಸಿದಾಗ ನೀಲಿ.

ಉತ್ತರಿಸುವವರು: "ಅವನು ಹಣ ಕೊಡುವುದು ತಡ ಮಾಡಿದ. ನಾನೂ ಕಾಗದಪತ್ರ ಕೊಡಲಿಲ್ಲ."

ಸಂಶೋಧಕಿ: "ಅಂದರೆ ನಿಮಗೆ ನೋವಾದದ್ದು ಹಣಕ್ಕಿಂತ ಹೆಚ್ಚಾಗಿ, ಅವರು ನಿಮ್ಮನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ ಎಂಬುದಕ್ಕೆ, ಅಲ್ಲವೇ?"

ಉತ್ತರಿಸುವವರು: "ಹೌದು ಹೌದು. ಅದೇ. ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ."

ಅಲ್ಲಿಂದ ಮುಂದೆ ಎರಡು ಪುಟಗಳಲ್ಲಿ "ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ" ಎಂಬ ಮಾತು ಐದು ಸಲ ಬರುತ್ತದೆ. ಐದೂ ನೀಲಿ ಗೆರೆ.

ಮಧ್ಯಸ್ಥಿಕೆಯಲ್ಲಿ ಇದು ಉತ್ತಮ ಕೌಶಲ. ಕಹಿಯಾಗಿ ಬಂದ ಮಾತನ್ನು ಅದರ ಒಳಗಿನ ಅಗತ್ಯಕ್ಕೆ ತಿರುಗಿಸಿ ಹೇಳುವುದನ್ನು ಮಧ್ಯಸ್ಥಗಾರರಿಗೆ ತರಬೇತಿಯಲ್ಲೇ ಕಲಿಸುತ್ತಾರೆ. ಎದುರಿಗಿದ್ದವರ ಮುಖ ಹಗುರಾಗುತ್ತದೆ. ಸಂಶೋಧನೆಯಲ್ಲಿ ಅದೇ ಕೌಶಲ ಆಧಾರವನ್ನು ಕೆಡಿಸುತ್ತದೆ, ಏಕೆಂದರೆ ಉತ್ತರದಲ್ಲಿ ಕೇಳಿಸುವುದು ಪ್ರಶ್ನೆ ಕೇಳಿದವರ ದನಿ. ಆ ವ್ಯಕ್ತಿ ಹೇಳಿದ್ದು ಬಹಳ ಸರಳ: ಅವನು ಕೊಡಲಿಲ್ಲ, ನಾನೂ ಕೊಡಲಿಲ್ಲ. ಯಾರು ಮೊದಲು ಎಂಬ ಭಯ ಆ ಎರಡು ವಾಕ್ಯಗಳಲ್ಲಿ ಇಡಿಯಾಗಿ ಕುಳಿತಿತ್ತು. ಅದನ್ನು ದಾಟಿ ಸಂಬಂಧದ ನೋವಿನ ಕಡೆಗೆ ಅವರನ್ನು ಕೈಹಿಡಿದು ಕರೆದೊಯ್ದದ್ದು ನಮ್ಮ ಸಂಶೋಧಕಿ.

ಅವರು ಆ ಪುಟವನ್ನು ಮನೆಗೆ ಒಯ್ದರು. ಮರುದಿನ ಒಂಬತ್ತೂ ಸಂದರ್ಶನಗಳನ್ನು ವಿಶ್ಲೇಷಣೆಯಿಂದ ಕೈಬಿಡುವುದಾಗಿ ತಿಳಿಸಿದರು. ಅವುಗಳಲ್ಲಿ ಎರಡು ಮೂರನ್ನಾದರೂ ಉಳಿಸಿಕೊಳ್ಳಬಹುದೆಂದು ನಾನು ಹೇಳಿನೋಡಿದೆ. ಅವರು ಕೇಳಲಿಲ್ಲ. ಆಮೇಲೆ ಎರಡು ತಿಂಗಳು ಅವರು ಮಾಡಿದ್ದು ಸುಮ್ಮನಿರುವ ಅಭ್ಯಾಸ. "ಆಮೇಲೆ?" ಎನ್ನುವುದು, ಅಥವಾ ಎದುರಿನವರು ಬಳಸಿದ ಪದವನ್ನೇ ಹಿಡಿದು "ಅದನ್ನು ಇನ್ನಷ್ಟು ಹೇಳಿ" ಎನ್ನುವುದು. ಇಷ್ಟಕ್ಕೆ ಇಷ್ಟು ಶ್ರಮವೇ ಎಂದು ಅನುಭವವಿಲ್ಲದವರಿಗೆ ಅನ್ನಿಸಬಹುದು. ಹದಿನಾಲ್ಕು ವರ್ಷದ ರೂಢಿಯನ್ನು ನಾಲಿಗೆಯ ತುದಿಯಲ್ಲಿ ತಡೆದು ನಿಲ್ಲಿಸುವುದು ನಿಜಕ್ಕೂ ಕಷ್ಟದ ಕೆಲಸ.

ಅತ್ಯಂತ ಕಠಿಣ ಸಂಜೆ ಆಮೇಲೆ ಬಂತು. ಒಪ್ಪಂದ ಮುರಿದಿದ್ದ ಕುಟುಂಬವೊಂದರ ತಂಗಿ ಸಂದರ್ಶನದ ಕೊನೆಯಲ್ಲಿ ಅತ್ತು, "ನೀವು ಅಣ್ಣನನ್ನೂ ನೋಡುತ್ತೀರಲ್ಲ ಮೇಡಂ, ಒಂದು ಮಾತು ಹೇಳಿ. ನಾನು ಅಷ್ಟೊಂದು ಹಟ ಮಾಡಬಾರದಿತ್ತು ಎಂದು ಹೇಳಿ" ಎಂದಳು. ಅಣ್ಣನ ಸಂದರ್ಶನ ಎರಡು ದಿನದ ಹಿಂದಷ್ಟೇ ಮುಗಿದಿತ್ತು. ಅವನೂ ಹೆಚ್ಚುಕಡಿಮೆ ಅದೇ ಮಾತು ಹೇಳಿದ್ದ. ಒಂದು ವಾಕ್ಯ ದಾಟಿಸಿದ್ದರೆ ಸಾಕಿತ್ತು. ಸಂಶೋಧಕಿ ದಾಟಿಸಲಿಲ್ಲ. ತಾವು ಈಗ ಆ ಪಾತ್ರದಲ್ಲಿಲ್ಲ ಎಂದು ಮೆಲ್ಲಗೆ ತಿಳಿಸಿ, ಇಷ್ಟವಿದ್ದರೆ ಕೇಂದ್ರದವರೊಂದಿಗೆ ಮತ್ತೆ ಮಾತಾಡಬಹುದು ಎಂದು ಹೇಳಿ ಎದ್ದು ಬಂದರು. ಆ ರಾತ್ರಿ ನನಗೆ ಫೋನ್ ಮಾಡಿದಾಗ ಅವರ ದನಿ ನಡುಗುತ್ತಿತ್ತು. ಅವರು ಮಾಡಿದ್ದು ಸರಿ ಎಂದೇ ನಾನು ಇಂದಿಗೂ ನಂಬುತ್ತೇನೆ. ಮಾತು ದಾಟಿಸಿದ್ದರೆ ಅಣ್ಣ ಕೊಟ್ಟ ವಿಶ್ವಾಸವನ್ನು ಮುರಿದಂತಾಗುತ್ತಿತ್ತು. ಆದರೂ ಆ ತೀರ್ಮಾನ ನೋವಿಲ್ಲದ್ದು ಎಂದು ಯಾರಿಗೂ ಹೇಳಲಾರೆ. ಈ ವಿಷಯದಲ್ಲಿ ಪಿಎಚ್.ಡಿ. ಮಾಡುವವರು ಇಂಥ ಸಂಜೆಗೆ ಸಿದ್ಧರಾಗಿರಬೇಕು.

ಕಂಡುಕೊಂಡದ್ದು

ಅಧ್ಯಯನ ಚಿಕ್ಕದು, ಅದರಿಂದ ಶೇಕಡಾವಾರು ತೆಗೆಯಲಾಗದು, ಅವರು ತೆಗೆಯಲೂ ಇಲ್ಲ. ಆದರೆ ಕಂಡದ್ದು ಸ್ಪಷ್ಟವಾಗಿತ್ತು. ಮುರಿದ ಒಪ್ಪಂದಗಳಲ್ಲಿ ದೊಡ್ಡ ಸ್ಫೋಟ ಅಪರೂಪ. "ಸಾಧ್ಯವಾದಷ್ಟು ಬೇಗ", "ಪರಸ್ಪರ ಸಹಕಾರದಿಂದ" ಎಂಬಂಥ ಸಾಲುಗಳ ಹತ್ತಿರವೇ ಬಿರುಕು ಶುರುವಾಗಿತ್ತು. ಹಣ ಮೊದಲೋ ನೋಂದಣಿ ಮೊದಲೋ ಎಂಬುದು ಬರೆದಿರದಿದ್ದಲ್ಲಿ ಇಬ್ಬರೂ ಇನ್ನೊಬ್ಬರ ದಾರಿ ಕಾದರು, ಕಾಯುತ್ತಲೇ ಅನುಮಾನ ಬೆಳೆಯಿತು. ಇನ್ನು ಕೆಲವು ಕಡೆ ಮೇಜಿನ ಸುತ್ತ ಕೂರದಿದ್ದವರು, ಅಂದರೆ ಬೆಳೆದ ಮಗ, ಹೆಂಡತಿ, ಸಾಲ ಕೊಟ್ಟವರು, ಮನೆಗೆ ಹೋದ ಮೇಲೆ ಒಪ್ಪಂದವನ್ನು ಮತ್ತೆ ಬಿಚ್ಚಿದ್ದರು.

ಅವರ ಮೂಲ ನಂಬಿಕೆಗೆ ನೇರವಾಗಿ ಎದುರಾದ ಪ್ರಕರಣವೂ ಒಂದು ಸಿಕ್ಕಿತು. ಇಬ್ಬರು ಸೋದರರು ಇಂದಿಗೂ ಮಾತಾಡುವುದಿಲ್ಲ. ಆದರೆ ಒಬ್ಬರ ಪ್ರತಿ ಹೆಜ್ಜೆ ಇನ್ನೊಬ್ಬರ ಹೆಜ್ಜೆಗೆ ಗಂಟು ಹಾಕಿದಂತಿತ್ತು ಅವರ ಒಪ್ಪಂದ: ಒಂದು ಕಂತು, ಒಂದು ದಾಖಲೆ, ಮತ್ತೊಂದು ಕಂತು, ಮತ್ತೊಂದು ದಾಖಲೆ, ನಡುವೆ ಇಬ್ಬರೂ ಒಪ್ಪಿದ ಲೆಕ್ಕಪರಿಶೋಧಕರು. ಅದು ಕೊನೆಯ ಸಾಲಿನವರೆಗೂ ಜಾರಿಯಾಗಿತ್ತು. ಸಂಬಂಧದ ದುರಸ್ತಿಗೆ ಬೆಲೆಯಿಲ್ಲ ಎಂದು ಅವರು ಬರೆಯಲಿಲ್ಲ. ಕೆಲವು ಪ್ರಕರಣಗಳಲ್ಲಿ ಅದೇ ಆಧಾರಸ್ತಂಭವಾಗಿತ್ತು. ಅದೊಂದೇ ಸಾಕು ಎಂಬ ತಮ್ಮ ಮೊದಲ ವಾದ ನಿಲ್ಲಲಿಲ್ಲ ಎಂದು ಕೊನೆಯ ಅಧ್ಯಾಯದಲ್ಲಿ ಪ್ರಾಂಜಲವಾಗಿ ಒಪ್ಪಿಕೊಂಡರು.

ಬರೆಯುವಾಗಲೂ ತ್ಯಾಗ ಮಾಡಬೇಕಾಯಿತು. ಎದುರಾಳಿಗೆ ಗುರುತು ಹತ್ತಬಹುದಾದ ಮಾತುಗಳನ್ನು, ಅವು ಎಷ್ಟೇ ಜೀವಂತವಾಗಿದ್ದರೂ, ಅವರು ಉದ್ಧರಿಸಲಿಲ್ಲ. ನನ್ನ ಕಣ್ಣಿಗೆ ಪ್ರಬಂಧದ ಅತ್ಯುತ್ತಮ ವಾಕ್ಯಗಳೆನಿಸಿದ್ದವು ಹೀಗೆಯೇ ಹೊರಗುಳಿದವು.

ನೋಂದಣಿಯಿಂದ ಮೌಖಿಕ ಪರೀಕ್ಷೆಯವರೆಗೆ ಆರೂವರೆ ವರ್ಷ ಹಿಡಿಯಿತು. ಹೊರಗಿನ ಪರೀಕ್ಷಕರು ಕೇಳಿದ ಮೊದಲ ಪ್ರಶ್ನೆ, "ಹಾಗಾದರೆ ನೀವು ಹದಿನಾಲ್ಕು ವರ್ಷ ಮಾಡಿದ್ದು ತಪ್ಪೇ?" ಸಂಶೋಧಕಿ ಸ್ವಲ್ಪ ಯೋಚಿಸಿ ಹೇಳಿದರು: "ಕಡತ ಮುಚ್ಚುವ ದಿನಾಂಕ ತಪ್ಪಿತ್ತು." ಈಗ ಅವರು ಮತ್ತೆ ಮಧ್ಯಸ್ಥಿಕೆ ಮಾಡುತ್ತಿದ್ದಾರೆ. ಸಹಿ ಆದ ಮೂರನೆಯ ತಿಂಗಳಿಗೆ ಒಮ್ಮೆ, ವರ್ಷಕ್ಕೆ ಇನ್ನೊಮ್ಮೆ ಎರಡೂ ಕಡೆಯವರು ಮತ್ತೆ ಕೂರಬೇಕೆಂಬ ಷರತ್ತನ್ನು ಒಪ್ಪಂದದಲ್ಲೇ ಸೇರಿಸುತ್ತಾರೆ.

ನಮ್ಮ ವಿಭಾಗದಲ್ಲಿ ಬದಲಾದದ್ದು

ಕೆಲಸದ ಅನುಭವದಿಂದ ಬಂದ ಅಭ್ಯರ್ಥಿಯ ಕೈಯಲ್ಲಿ ಏನಿದೆ ಎಂದು ನೋಡುವ ಮೊದಲು, ಅದು ಯಾರು ಯಾವುದಕ್ಕಾಗಿ ಕೊಟ್ಟದ್ದು ಎಂದು ಈಗ ಪ್ರವೇಶದ ದಿನವೇ ಕೇಳುತ್ತೇವೆ. ನಾನು ಅಂದು ಕೇಳಿದ್ದರೆ ಅವರ ಮೊದಲ ಒಂದು ವರ್ಷ ಉಳಿಯುತ್ತಿತ್ತು. ಒಳ್ಳೆಯ ಮಧ್ಯಸ್ಥಗಾರರಾಗಬೇಕೆಂಬುದಷ್ಟೇ ಆಸೆಯಾದರೆ ತರಬೇತಿ ಸಾಕು, ಪಿಎಚ್.ಡಿ. ಬೇಡ ಎಂದು ಬಿಚ್ಚುಮನಸ್ಸಿನಿಂದ ಹೇಳುತ್ತೇವೆ. ಬಿಡದೆ ಕಾಡುವ ಒಂದು ಪ್ರಶ್ನೆ ಇದ್ದವರಿಗೆ ಮಾತ್ರ ಈ ಐದಾರು ವರ್ಷಗಳನ್ನು ತಡೆದುಕೊಳ್ಳಲು ಆಗುತ್ತದೆ. ಪೆನ್ಸಿಲಿನ ಆ ಸಾಲನ್ನು ಪ್ರತಿ ಪ್ರಸ್ತಾವದ ಮೇಲೂ ನಾನೇ ಬರೆಯುತ್ತೇನೆ.

ಕೆಂಪು ನೀಲಿ ಗೆರೆಗಳ ಆ ಪುಟವನ್ನು ಅವರು ವಿಭಾಗಕ್ಕೆ ಕೊಟ್ಟು ಹೋಗಿದ್ದಾರೆ. ಗುರುತು ಸಿಗದಂತೆ ತಿದ್ದಿ, ಆ ಉತ್ತರ ಕೊಟ್ಟವರ ಒಪ್ಪಿಗೆ ಪಡೆದೇ ಕೊಟ್ಟದ್ದು. ಹೊಸ ವಿದ್ಯಾರ್ಥಿಗಳು ಮೊದಲ ಸಂದರ್ಶನಕ್ಕೆ ಹೊರಡುವ ಹಿಂದಿನ ದಿನ ಅದನ್ನು ಅವರ ಮುಂದಿಡುತ್ತೇವೆ. ಹೋದ ತಿಂಗಳು ಅದನ್ನು ಓದಿದ ವಕೀಲರೊಬ್ಬರು ತಮ್ಮ ಪ್ರಶ್ನಾವಳಿ ತೆಗೆದು, ಅದರಲ್ಲಿ "ಅಲ್ಲವೇ" ಎಂದು ಮುಗಿಯುವ ಪ್ರಶ್ನೆಗಳನ್ನು ಒಂದೊಂದಾಗಿ ಹೊಡೆದುಹಾಕುತ್ತ ಕುಳಿತಿದ್ದರು.